ಕಪಾಟಿನಿಂದ ಪುಸ್ತಕ ಇಳಿಸುವ ಕಲೆ

ಪುಸ್ತಕ ಕೂಡಿಡುವವರನ್ನು ಎಲ್ಲರೂ ಮೆಚ್ಚುತ್ತಾರೆ. ತುಂಬಿ ತುಳುಕುವ ಕಪಾಟಿನಿಂದ ಸರಿಯಾದವನ್ನು ಆರಿಸಿ ಹೊರಗೆ ಕಳಿಸಬಲ್ಲವರ ಮೇಲೆ ನನಗೆ ಅದಕ್ಕಿಂತ ಹೆಚ್ಚಿನ ಗೌರವ. ಅವರು ಕೈಹಾಕುವ ರೀತಿಯೇ ಬೇರೆ. ಇಡೀ ಕಪಾಟು ಬರಿದು ಮಾಡಿ ಮನೆ ತುಂಬ ಹರಡುವುದಿಲ್ಲ. ಒಂದು ಸಲಕ್ಕೆ ಒಂದೇ ಖಾನೆ. ಬಿಗಿಯಾಗಿ ತುರುಕಿದ ಸಾಲಿನಿಂದ ಪುಸ್ತಕದ ನೆತ್ತಿಗೆ ಬೆರಳು ಸಿಕ್ಕಿಸಿ ಎಳೆದರೆ ಬೆನ್ನು ಕಿತ್ತುಬರುತ್ತದೆ. ಅದಕ್ಕೇ ಅಕ್ಕಪಕ್ಕದವನ್ನು ತುಸು ಒಳಕ್ಕೆ ತಳ್ಳಿ, ಬೇಕಾದ್ದನ್ನು ಮಧ್ಯದಲ್ಲಿ ಹಿಡಿದು ತೆಗೆಯುತ್ತಾರೆ. ಒಣಬಟ್ಟೆಯಲ್ಲಿ ಒರೆಸಿ ಹಾಳೆ ಮಗುಚಿ ನೋಡುತ್ತಾರೆ. ಒಳಗೆ ಯಾರದೋ ಕಾಗದ, ಫೋಟೊ, ಮನಿಯಾರ್ಡರ್ ರಸೀದಿ ಇದ್ದರೆ ತೆಗೆದಿಡಬೇಕಲ್ಲ.

ಆಮೇಲೆ ಚಾಪೆಯ ಮೇಲೆ ವಿಷಯವಾರು ಗುಂಪು. ಒಂದೇ ಕಾದಂಬರಿಯ ಎರಡು ಪ್ರತಿ, ಪಠ್ಯಕ್ರಮ ಬದಲಾದ ಮೇಲೂ ಉಳಿದ ಸಿಇಟಿ ಗೈಡು, ಹಳೆಯ ತೆರಿಗೆ ದರಗಳ ಕೈಪಿಡಿ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಇವುಗಳ ಬಗ್ಗೆ ಚರ್ಚೆ ಬೇಕಿಲ್ಲ.

ಉಳಿದವುಗಳಲ್ಲಿ ಕೈ ತಡೆಯುತ್ತದೆ. ಗ್ರಂಥಪಾಲಕರಿಗೆ ಇದು ದಿನನಿತ್ಯದ ವಿದ್ಯೆ. ಅಮೆರಿಕದ ಟೆಕ್ಸಾಸ್‌ನಲ್ಲಿ 1976ರಲ್ಲಿ ಸಣ್ಣ, ಮಧ್ಯಮ ಗಾತ್ರದ ಗ್ರಂಥಾಲಯಗಳಿಗೆಂದೇ ಬಂದ 'ಕ್ರೂ' ಕೈಪಿಡಿ ಮತ್ತು ಅದರ ಮುಂದಿನ ಪರಿಷ್ಕರಣೆಗಳು ಕೆಲವು ಪ್ರಶ್ನೆಗಳನ್ನು ಕೇಳಲು ಕಲಿಸಿದವು: ಪುಸ್ತಕ ದಾರಿ ತಪ್ಪಿಸುತ್ತಿದೆಯೇ, ರಿಪೇರಿಯಾಗದಷ್ಟು ಹಾಳಾಗಿದೆಯೇ, ಇದನ್ನು ಮೀರಿದ ಹೊಸದು ಬಂದಿದೆಯೇ, ಬೇರೆಡೆ ಸುಲಭವಾಗಿ ಸಿಗುತ್ತದೆಯೇ. ಕನ್ನಡದ ಮನೆಯಲ್ಲಿ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಸಾವಿರ ಪ್ರತಿ ಅಚ್ಚಾಗಿ, ಮರುಮುದ್ರಣವನ್ನೇ ಕಾಣದ ಪುಸ್ತಕಗಳು ನಮ್ಮಲ್ಲಿ ಎಷ್ಟೋ ಇವೆ. ಮಿರುಗುವ ಇಂಗ್ಲಿಷ್ ಬೆಸ್ಟ್‌ಸೆಲ್ಲರನ್ನು ಉಳಿಸಿಕೊಂಡು, ರಟ್ಟು ಹೋದ ಕನ್ನಡದ ಪ್ರವಾಸಕಥನವನ್ನು ರದ್ದಿಗೆ ಹಾಕುವುದು ನಮ್ಮ ವಾಡಿಕೆ. ಬಲ್ಲವರು ಇದನ್ನು ತಿರುಗಿಸುತ್ತಾರೆ. ಮೊದಲನೆಯದು ಬೇಕೆನಿಸಿದಾಗ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಕೊಳ್ಳಬಹುದು, ಎರಡನೆಯದು ಹೋದರೆ ಹೋಯಿತು.

ವಾರಪತ್ರಿಕೆಯ ಧಾರಾವಾಹಿಗಳನ್ನು ವಾರವಾರವೂ ಕತ್ತರಿಸಿ, ದಾರದಲ್ಲಿ ಹೊಲಿದು, ಕಂದು ಕಾಗದದ ಹೊದಿಕೆ ಹಾಕಿದ ಕಟ್ಟುಗಳು ಹಲವು ಮನೆಗಳಲ್ಲಿವೆ. ಕಾದಂಬರಿ ಮುಂದೆ ಪುಸ್ತಕವಾಗಿ ಬಂದರೂ ಪತ್ರಿಕೆಗೆ ಬರೆದ ಚಿತ್ರಗಳು ಅದರಲ್ಲಿ ಬಾರದಿರಬಹುದು. ಅಮ್ಮ, ಅಜ್ಜಿಯರ ಕೈಯಲ್ಲಿ ಆದ ಇಂಥ ಸಂಪುಟಕ್ಕೆ ಎರಡನೆಯ ಪ್ರತಿಯೇ ಇಲ್ಲ. ಇವನ್ನು ಮಾತ್ರ ಯಾವ ಕಾರಣಕ್ಕೂ ತೂಕಕ್ಕೆ ಹಾಕಬಾರದು.

ಹೊರಗೆ ಹೋಗಬೇಕಾದವನ್ನು ಕಳಿಸುವುದು ಎಲ್ಲಿಗೆ? ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬುದೂ ಒಂದು. ಈ ಕಸುಬಿನ ಸೊಗಸೆಲ್ಲ ಅಲ್ಲಿದೆ ಎಂದು ನನ್ನ ನಂಬಿಕೆ. ಈಗಲೂ ನಡೆಯುತ್ತಿರುವ ಪಠ್ಯವಾದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿ, ಮಕ್ಕಳ ಕಥೆಯಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಛಂದಸ್ಸಿನ ಪುಸ್ತಕವಾದರೆ ಅದನ್ನು ಹುಡುಕುತ್ತಿರುವ ಪರಿಚಯದ ಮೇಷ್ಟ್ರು. ಗೆದ್ದಲು ಹತ್ತಿದ್ದನ್ನು ಯಾರಿಗೂ ಕೊಡುವಂತಿಲ್ಲ, ಹುಳುವೂ ಜೊತೆಗೇ ಹೋಗಬಹುದು. ಲೇಖಕರು ತೀರಿಕೊಂಡ ವರ್ಷ ಮುಗಿದು ಅರವತ್ತು ವರ್ಷ ಕಳೆದಿದ್ದರೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ತೊಡಕಿಲ್ಲ. ಅಂಥ ಅಪರೂಪದ ಪ್ರತಿಯನ್ನು ಕೊಡುವ ಮೊದಲು ಸ್ಕ್ಯಾನ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಮೂಟೆ ಕಟ್ಟಿ ಗ್ರಂಥಾಲಯದ ಬಾಗಿಲಲ್ಲಿ ಇಳಿಸಿ ಬರುವುದು ಬಲ್ಲವರ ಪದ್ಧತಿಯಲ್ಲ. ಪುಸ್ತಕ, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ ಬರೆದ ಪಟ್ಟಿಯನ್ನು ಮೊದಲು ಕಳಿಸುತ್ತಾರೆ. ಗ್ರಂಥಪಾಲಕರು ಗುರುತು ಹಾಕಿದಷ್ಟನ್ನು ಕೊಟ್ಟು, ಮಿಕ್ಕಿದ್ದಕ್ಕೆ ಬೇರೆ ವಿಳಾಸ ಹುಡುಕುತ್ತಾರೆ.