‘ಲಿ’ ಇದ್ದುದೆಲ್ಲ ಕ್ರಿಯಾವಿಶೇಷಣವಲ್ಲ

ಕುಂದಾಪುರ ಸೀಮೆಯ ಕೆರಾಡಿ ಕಡೆಯ ತರುಣನೊಬ್ಬ ತನ್ನ ಉದ್ಯೋಗದ ಅರ್ಜಿಯನ್ನು ತಿದ್ದಿಕೊಡುವಂತೆ ಕೇಳಿದ್ದ. ಇಂಗ್ಲಿಷ್ ಅರ್ಜಿಯ ಕೊನೆಯ ಸಾಲು ಹೀಗಿತ್ತು: ‘ಐ ವಿಲ್ ಹಾರ್ಡ್‌ಲಿ ವರ್ಕ್’. ಕಷ್ಟಪಟ್ಟು ದುಡಿಯುತ್ತೇನೆ ಎಂಬುದು ಅವನ ಇಂಗಿತ. ಓದಿದವರಿಗೆ ತಿಳಿಯುವುದು ಮಾತ್ರ, ನಾನು ದುಡಿಯುವುದು ಅಷ್ಟಕ್ಕಷ್ಟೇ ಎಂದು!

ವಿಚಾರಿಸಿದಾಗ ಶಾಲೆಯಲ್ಲಿ ಕಲಿತ ಸೂತ್ರವನ್ನು ಒಪ್ಪಿಸಿದ: ಗುಣವಾಚಕಕ್ಕೆ ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣ. ಸೂತ್ರ ಸುಳ್ಳಲ್ಲ, ಅರೆಸತ್ಯ. ‘ಹಾರ್ಡ್’, ‘ಫಾಸ್ಟ್’ ಮುಂತಾದವು ಯಾವ ಬಾಲವೂ ಇಲ್ಲದೆ ಎರಡೂ ಕೆಲಸ ಮಾಡುತ್ತವೆ. ‘ಫ್ರೆಂಡ್ಲಿ’, ‘ಮದರ್ಲಿ’ಗಳಿಗೆ ಬಾಲವಿದ್ದರೂ ಅವು ಗುಣವಾಚಕಗಳೇ. ‘ಲಿ’ಯನ್ನು ಕಳಚಿ ನೋಡಿದರೆ ಗುಟ್ಟು ತಿಳಿಯುತ್ತದೆ. ಉಳಿದದ್ದು ‘ಫ್ರೆಂಡ್’ನಂಥ ನಾಮಪದವಾದರೆ ಇಡೀ ಪದ ಬಹುಮಟ್ಟಿಗೆ ಗುಣವಾಚಕ; ‘ಸ್ಲೋ’ದಂಥ ಗುಣವಾಚಕವಾದರೆ ಕ್ರಿಯಾವಿಶೇಷಣ. ಹಳೆಯ ಇಂಗ್ಲಿಷಿನಲ್ಲಿ ಶರೀರ, ರೂಪ ಎಂಬರ್ಥವಿದ್ದ ಪದವೇ ಸವೆದು ಈ ‘ಲಿ’ ಆಗಿದೆ. ‘ಹಾಗೆ ಇರುವ’ ಎಂಬರ್ಥದ ‘ಲೈಕ್’ ಕೂಡ ಅದೇ ಬಳಗದ್ದು.

ವಿಚಿತ್ರವೆಂದರೆ, ಕನ್ನಡದಲ್ಲಿಯೂ ಇಂಥದೇ ಬಾಲವಿದೆ, ಅದೂ ಹೀಗೆಯೇ ಮೋಸಗೊಳಿಸುತ್ತದೆ. ‘ಚೆನ್ನಾಗಿ ಹಾಡಿದಳು’ ಎಂಬಲ್ಲಿ ‘ಆಗಿ’ ಹಾಡಿದ ಬಗೆಯನ್ನು ಹೇಳಿದರೆ, ‘ಶಿಕ್ಷಕಿಯಾಗಿ ಸೇರಿದಳು’ ಎಂಬಲ್ಲಿ ಹುದ್ದೆಯನ್ನು ಹೇಳುತ್ತದೆ. ಯಾವ ಮಗುವೂ ಇಲ್ಲಿ ಎಡವುವುದಿಲ್ಲ. ಮೆಲ್ಲನೆ, ತಟ್ಟನೆ, ಸರಸರ ಎಂಬವಕ್ಕಂತೂ ‘ಆಗಿ’ಯ ಹಂಗೂ ಇಲ್ಲ. ಕರಾವಳಿಯ ಮಳೆ ‘ಧೋ ಎಂದು’ ಸುರಿಯುತ್ತದೆ, ಅದೂ ಕ್ರಿಯಾವಿಶೇಷಣವೇ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಇಷ್ಟೆಲ್ಲ ಬಂಡವಾಳ ಕೈಯಲ್ಲಿರುವ ವಿದ್ಯಾರ್ಥಿ ಇಂಗ್ಲಿಷ್ ತರಗತಿಗೆ ಬರಿಗೈಯಲ್ಲಿ ಬಂದವನಂತೆ ಕುಳಿತಿರುತ್ತಾನೆ.

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ 2007ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ಬೇಗ ಆರಂಭಿಸುವ ಬಗ್ಗೆ ನಡೆದಷ್ಟು ಚರ್ಚೆ ಹೇಗೆ ಕಲಿಸಬೇಕೆಂಬುದರ ಬಗ್ಗೆ ನಡೆಯಲಿಲ್ಲ. ಕನ್ನಡದ ಅವಧಿಯಲ್ಲಿ ಕಲಿತ ವ್ಯಾಕರಣ ಇಂಗ್ಲಿಷ್ ಅವಧಿಯ ಬಾಗಿಲಲ್ಲೇ ನಿಂತುಬಿಡುತ್ತದೆ. ಕ್ರಿಯಾಪದವನ್ನು ‘ಹೇಗೆ?’, ‘ಯಾವಾಗ?’, ‘ಎಲ್ಲಿ?’, ‘ಎಷ್ಟು?’ ಎಂದು ಕೇಳಿ ಉತ್ತರ ಹುಡುಕುವ ಕ್ರಮ ಎರಡೂ ಭಾಷೆಗಳಿಗೆ ಒಗ್ಗುತ್ತದೆ. ಕನ್ನಡದಲ್ಲಿ ಆ ಉತ್ತರ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ‘ಹೇಗೆ’ಯ ಉತ್ತರ ಹೆಚ್ಚಾಗಿ ಅನಂತರ. ನಮ್ಮ ತರುಣ ಕನ್ನಡದ ಕ್ರಮದಲ್ಲಿ ಪದವನ್ನಿಟ್ಟಿದ್ದ, ಇಂಗ್ಲಿಷಿನ ಬಾಲವನ್ನೂ ಅಂಟಿಸಿದ್ದ.

‘ಹೇಗೆ ದುಡಿಯುತ್ತೀಯಪ್ಪಾ?’ ಎಂದು ಕೇಳಿದೆ. ‘ಮೈಮುರಿದು’ ಎಂದ. ಬಳಿಕ ತಾನೇ ‘ಲಿ’ಯನ್ನು ಹೊಡೆದುಹಾಕಿ, ‘ಹಾರ್ಡ್’ ಪದವನ್ನು ಸಾಲಿನ ಕೊನೆಗೆ ಒಯ್ದ.