ಮೀನಿನ ವಯಸ್ಸು ಹೇಳುವ ಕಿವಿಗಲ್ಲು

ಪ್ರಶ್ನೆ: ಯುರೋಪಿನಲ್ಲಿ ವರ್ಷಕ್ಕೆ ಇಷ್ಟೇ ಕಾಡ್ ಮೀನು ಹಿಡಿಯಬೇಕೆಂದು ಮಿತಿ ಹಾಕುತ್ತಾರಂತೆ. ಕಡಲೊಳಗಿನ ಮೀನಿನ ಲೆಕ್ಕ ಸಿಗುವುದು ಹೇಗೆ?

ಉತ್ತರ: ಒಂದೊಂದಾಗಿ ಎಣಿಸಲು ಆಗದು, ಅಂದಾಜು ಮಾಡುತ್ತಾರೆ. ಅದಕ್ಕೆ ಮುಖ್ಯ ಆಧಾರಗಳಲ್ಲೊಂದು ಮೀನಿನ ಒಳಕಿವಿಯಲ್ಲಿರುವ ಸುಣ್ಣದ ಪುಟ್ಟ ಕಲ್ಲು, ಒಟೊಲಿತ್. ಬಂದರಿನ ಹರಾಜಿಗೆ ಬಂದ ಕೆಲವು ಮೀನುಗಳನ್ನು ಆರಿಸಿ, ಉದ್ದ ಅಳೆದು, ತೂಗಿ, ತಲೆ ಸೀಳಿ ಈ ಕಲ್ಲನ್ನು ತೆಗೆಯುತ್ತಾರೆ. ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಕಾಂಡದಲ್ಲಿರುವಂಥ ಉಂಗುರಗಳು ಕಾಣುತ್ತವೆ. ಬೇಗ ಬೆಳೆದ ಕಾಲದ್ದು ಅಗಲ, ನಿಧಾನವಾಗಿ ಬೆಳೆದ ಕಾಲದ್ದು ಕಿರಿದು. ಉಂಗುರ ಎಣಿಸಿದರೆ ವಯಸ್ಸು ತಿಳಿಯಿತು. ಕಣ್ಣು ತಪ್ಪುವುದು ಸಹಜ, ಹಾಗಾಗಿ ಬೇರೆ ಬೇರೆ ದೇಶದವರು ಒಂದೇ ಕಲ್ಲನ್ನು ಓದಿ ತಾಳೆ ನೋಡುತ್ತಾರೆ. ಈ ತಾಳ್ಮೆಯ ಕೆಲಸದ ಬಗ್ಗೆ ನನಗೆ ಬಹಳ ಗೌರವ.

ಮರಿಗಳೆಷ್ಟು, ಮೊಟ್ಟೆಯಿಡುವ ಪ್ರಾಯದವೆಷ್ಟು ಎಂಬುದು ಗೊತ್ತಾದರೆ, ಸಂಶೋಧನಾ ಹಡಗುಗಳ ಬಲೆಗೆ ಬಿದ್ದದ್ದನ್ನೂ ದೋಣಿಗಳು ಹಿಡಿದದ್ದನ್ನೂ ಸೇರಿಸಿ ಲೆಕ್ಕ ಕಟ್ಟಬಹುದು. 1902ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿ ಇದರ ಮೇಲೆ ಸಲಹೆ ಕೊಡುತ್ತದೆ. ಐರೋಪ್ಯ ಒಕ್ಕೂಟದ ಪಾಲಿನ ಮಿತಿಯನ್ನು ಅಂತಿಮಗೊಳಿಸುವವರು ಮಾತ್ರ ಮೀನುಗಾರಿಕಾ ಸಚಿವರು. ಸಲಹೆಗಿಂತ ಹೆಚ್ಚು ಹಿಡಿಯಲು ಅವರು ಬಿಟ್ಟದ್ದೂ ಉಂಟು. ಅದು ತಪ್ಪೆಂದೇ ನನ್ನ ಅಭಿಪ್ರಾಯ.

ಕೊಳ್ಳುವವರಿಗೂ ಮಾಹಿತಿ ಸಿಗುತ್ತದೆ. 2014ರ ಡಿಸೆಂಬರ್‌ನಿಂದ ಒಕ್ಕೂಟದ ಅಂಗಡಿಗಳಲ್ಲಿ ತಾಜಾ ಮೀನಿನ ಚೀಟಿಯಲ್ಲಿ ವೈಜ್ಞಾನಿಕ ಹೆಸರು, ಹಿಡಿದ ಕಡಲು, ಬಳಸಿದ ಬಲೆಯ ಬಗೆ ಇರಲೇಬೇಕು.