ಕಾವಲಿಲ್ಲದ ಕೂಸುಗಳು

ಔಷಧವಿಲ್ಲದ ವ್ಯಾಧಿಗೆ ದೈವವನ್ನು ದೂರುವುದು ಲೋಕರೂಢಿ. ಆದರೆ ಚಿಕಿತ್ಸೆಯು ಗೊತ್ತಿದ್ದೂ, ಅದನ್ನು ನಡೆಯಿಸತಕ್ಕ ಕಾಲವು ಮೀರಿಹೋಗುವುದರಿಂದಲೇ ಶಿಶುಗಳು ಸಾಯುತ್ತಿದ್ದರೆ ಯಾರನ್ನು ದೂರಬೇಕು? ಅಂತಹದೊಂದು ವ್ಯಾಧಿಯ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯಬಯಸುತ್ತೇವೆ.

ರೋಗಾಣುಗಳಿಂದ ಶರೀರವನ್ನು ಕಾಯುವವು ರಕ್ತದೊಳಗಿನ ಬಿಳಿಯ ಕಣಗಳು. ಇವುಗಳಲ್ಲಿ ಮುಖ್ಯವಾದ 'ಟಿ' ಕಣಗಳೇ ಇಲ್ಲದೆ ಹುಟ್ಟುವ ಕೂಸುಗಳುಂಟು. ವೈದ್ಯರು ಇದನ್ನು 'ಸ್ಕಿಡ್' ಎನ್ನುತ್ತಾರೆ. ತಾಯಿಯಿಂದ ಬಂದ ರಕ್ಷಣೆಯು ಇರುವ ತನಕ ಕೂಸು ಆರೋಗ್ಯವಾಗಿಯೇ ತೋರುವುದು. ಬಳಿಕ ಬಾಯಿಹುಣ್ಣು, ನಿಲ್ಲದ ಭೇದಿ, ಮೇಲಿಂದ ಮೇಲೆ ನ್ಯುಮೋನಿಯಾ ಒದಗುವುವು. ಚಿಕಿತ್ಸೆಯಿಲ್ಲದಿದ್ದರೆ ಬಹುತೇಕ ಎರಡು ವರ್ಷದೊಳಗಾಗಿ ಮರಣವೇ ಗತಿ.

ಈ ಕತ್ತಲೆಯಲ್ಲಿ ಮೊದಲು ದೀಪವನ್ನು ಹಚ್ಚಿದವರು ಅಮೇರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಡಾ. ರಾಬರ್ಟ್ ಗುಡ್ ಮತ್ತು ಅವರ ಸಂಗಡಿಗರು. ಹಿಂದೆ ಹಲವು ಗಂಡುಶಿಶುಗಳನ್ನು ಕಳೆದುಕೊಂಡಿದ್ದ ಕುಟುಂಬವೊಂದರ ಕೂಸಿಗೆ 1968ರಲ್ಲಿ ಅವರು ಅದರ ಅಕ್ಕನ ಅಸ್ಥಿಮಜ್ಜೆಯನ್ನು ಕೊಟ್ಟರು. ಕೂಸು ಬದುಕಿತು. ದಾನಿಯ ಸೊಂಟದ ಎಲುಬಿನಿಂದ ತೆಗೆದ ಮಜ್ಜೆಯನ್ನು ರಕ್ತವನ್ನು ಕೊಡುವಂತೆಯೇ ನರದೊಳಕ್ಕೆ ಬಿಡುತ್ತಾರೆ. ಅದರೊಳಗಿನ ಮೂಲಕಣಗಳು ತಾವಾಗಿಯೇ ಎಲುಬುಗಳನ್ನು ಸೇರಿ, ಅಲ್ಲಿ ನೆಲೆಯೂರಿ, ಹೊಸ ಕಾವಲುಪಡೆಯನ್ನು ಹುಟ್ಟಿಸುತ್ತವೆ. ಆದರೆ ಮಜ್ಜೆಯು ಹೊಂದದಿದ್ದರೆ ಬಂದ ಕಣಗಳೇ ಕೂಸಿನ ಮೇಲೆ ಬೀಳುವ ಭಯವುಂಟು. ಒಡಹುಟ್ಟಿದವರ ಮಜ್ಜೆಯು ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು ಮಾತ್ರ. 1980ರ ದಶಕದಲ್ಲಿ, ಕೆಡುಕುಮಾಡುವ ಕಣಗಳನ್ನು ಮೊದಲೇ ಬೇರ್ಪಡಿಸುವ ಉಪಾಯವು ದೊರೆತುದರಿಂದ, ಅರ್ಧ ಹೊಂದುವ ತಾಯಿತಂದೆಗಳ ಮಜ್ಜೆಯೂ ಉಪಯೋಗಕ್ಕೆ ಬಂದಿತು.

ಇಲ್ಲಿ ಕಾಲದ ಮಹಿಮೆಯನ್ನು ನೋಡಬೇಕು. ಡ್ಯೂಕ್ ವಿಶ್ವವಿದ್ಯಾನಿಲಯದ ಡಾ. ರೆಬೆಕ್ಕಾ ಬಕ್ಲಿಯವರು 1999ರಲ್ಲಿ ಪ್ರಕಟಿಸಿದ ವರದಿಯಂತೆ, ಕಸಿಯನ್ನು ಪಡೆದ 89 ಶಿಶುಗಳಲ್ಲಿ 72 ಬದುಕಿದ್ದುವು. ಹುಟ್ಟಿದ 28 ದಿನಗಳೊಳಗಾಗಿ ಪಡೆದ 22ರಲ್ಲಿ 21 ಉಳಿದಿದ್ದುವು. ಸೋಂಕು ತಗಲುವ ಮುನ್ನವೇ ಚಿಕಿತ್ಸೆಯಾದುದೇ ಈ ಯಶಸ್ಸಿಗೆ ಮುಖ್ಯ ಕಾರಣ. ಆದುದರಿಂದಲೇ ಅಮೇರಿಕದ ವಿಸ್ಕಾನ್ಸಿನ್ ಸಂಸ್ಥಾನವು 2008ರಲ್ಲಿ ಪ್ರತಿಯೊಂದು ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಈ ದೋಷವನ್ನು ಪರೀಕ್ಷಿಸಲಾರಂಭಿಸಿತು. 2018ರ ಅಂತ್ಯದೊಳಗೆ ಆ ದೇಶದ ಎಲ್ಲ ಸಂಸ್ಥಾನಗಳೂ ಅದನ್ನು ಅನುಸರಿಸಿದುವು.

ನಮ್ಮಲ್ಲಿ ಕೌಶಲಕ್ಕೆ ಕೊರತೆಯಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಿಂದಲೂ ಮಜ್ಜೆಯ ಕಸಿಯು ನಡೆಯುತ್ತಿದೆ, ಬೆಂಗಳೂರಿನಲ್ಲಿಯೂ ನಡೆಯುತ್ತಿದೆ. ಕೊರತೆಯಿರುವುದು ಸಕಾಲದಲ್ಲಿ ಗುರುತಿಸುವುದರಲ್ಲಿ. ಎಲ್ಲ ಶಿಶುಗಳಿಗೂ ಈ ಪರೀಕ್ಷೆಯು ದೊರೆಯುವ ಏರ್ಪಾಡು ನಮ್ಮ ದೇಶದಲ್ಲಿ ಇನ್ನೂ ಆಗಿಲ್ಲ. ಈ ವ್ಯಾಧಿಯ ಕೆಲವು ಬಗೆಗಳು ತಾಯಿತಂದೆಗಳಿಬ್ಬರಲ್ಲಿಯೂ ಒಂದೇ ದೋಷವು ಅಡಗಿದ್ದಾಗ ಬರುವುದರಿಂದ, ಸೋದರಮಾವನನ್ನು ವರಿಸುವ ರೂಢಿಯುಳ್ಳ ಕರ್ನಾಟಕಕ್ಕೆ ಈ ವಿಚಾರವು ಹೊರಗಿನದಲ್ಲ. ಅಲ್ಲದೆ, ಹುಟ್ಟಿದೊಡನೆ ಹಾಕುವ ಬಿ.ಸಿ.ಜಿ. ಲಸಿಕೆಯು ಉಳಿದ ಮಕ್ಕಳಿಗೆ ಹಿತವೇ ಆದರೂ, ಇಂತಹ ಕೂಸಿನ ಮೈಯಲ್ಲಿ ಅದರ ಜೀವಾಣುವೇ ಹರಡಿ ಪ್ರಾಣಕ್ಕೆರವಾಗಬಹುದು. ಲಸಿಕೆಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಮನೆಯಲ್ಲಿ ಹಿಂದೆ ಶಿಶುಮರಣಗಳಾಗಿವೆಯೇ ಎಂದು ಮೊದಲು ವಿಚಾರಿಸುವುದಕ್ಕೆ ಕಾಸಿನ ಖರ್ಚಿಲ್ಲವೆಂದಷ್ಟೇ ನಮ್ಮ ಅರಿಕೆ.

ಕಸಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಬಡವರಿಗೆ ಸರಕಾರದ ನೆರವಿಲ್ಲದೆ ಅದು ಕೈಗೂಡದು. ಆದರೆ ನೆರವು ಸಫಲವಾಗಬೇಕಾದರೆ ರೋಗವು ಮೊದಲ ವಾರಗಳಲ್ಲಿಯೇ ಗೊತ್ತಾಗತಕ್ಕದ್ದು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು? ಆರೋಗ್ಯ ಇಲಾಖೆಯವರು ಜಿಲ್ಲಾ ಆಸ್ಪತ್ರೆಗಳಿಂದಲಾದರೂ ಈ ಪರೀಕ್ಷೆಯನ್ನು ಆರಂಭಿಸುವುದು ಅತ್ಯವಶ್ಯವೆಂದು ಅಭಿಪ್ರಾಯಪಡುತ್ತೇವೆ.